ಏಸಿಗೆ ಸರ್ವಿಸ್ ಸಿಕ್ಕ ಕತೆ

ಒಂದಾನೊಂದು ಊರಿನಲ್ಲಿ, ಊರೆಂದರೆ ಸೆಕೆಪುರ, ಅಲ್ಲಿ ನೆರಳು ಕೂಡ ನೆರಳು ಹುಡುಕುತ್ತಿತ್ತು, ಬೆವರಸಿಂಹ ಎಂಬ ಮಹಾರಾಜನಿದ್ದ. ಅವನಿಗೆ ಶತ್ರುಗಳ ಭಯವಿರಲಿಲ್ಲ, ಸಾವಿನ ಭಯವಿರಲಿಲ್ಲ. ಮೂಗಿನ ತುದಿಗೆ ಬೆವರಿನ ಹನಿ ಬಂದರೆ ವಂಶ ನಿಂತುಹೋಗುತ್ತದೆ ಎಂಬುದೊಂದೇ ಭಯ. ನಗಬೇಡಿ. ನಿಮ್ಮ ಮೂಗಿಗೆ ಬಂದಾಗ ಗೊತ್ತಾಗುತ್ತದೆ.

ಅದಕ್ಕೇ ಅರಮನೆಯ ತಾರಸಿಯ ಮೇಲೆ ಬಸ್ಸಿನಷ್ಟು ದೊಡ್ಡ ಏಸಿ ಕೂರಿಸಿದ್ದರು. ಅದು ಬಿಸಿಯನ್ನು ಆಕಾಶಕ್ಕೆ ಊದುತ್ತಿತ್ತು, ತಂಪನ್ನು ತಗಡಿನ ಕೊಳವೆಯಲ್ಲಿ ದರ್ಬಾರಿಗೆ ಇಳಿಸುತ್ತಿತ್ತು. ಅದನ್ನು ನೋಡಿಕೊಳ್ಳುವವನು ಓಬಳಪ್ಪ. ಇಪ್ಪತ್ತೆರಡು ವರ್ಷದಿಂದ ಏಣಿ ಹತ್ತಿ, ಫಿಲ್ಟರ್ ತೊಳೆದು, ಫ್ಯಾನಿನ ಬೆಲ್ಟು ಬಿಗಿದು, ನೀರು ಹೋಗುವ ಪೈಪಿನಿಂದ ಪಾರಿವಾಳದ ಪುಕ್ಕ ತೆಗೆದು ಇಳಿಯುತ್ತಿದ್ದ. ಆದರೆ ಅವನು ದಿನಗೂಲಿಯವನು. ಸರ್ವಿಸ್ಸಿನಲ್ಲಿ ಇಲ್ಲದವನು ದರ್ಬಾರಿನ ಹೊಸ್ತಿಲು ದಾಟಕೂಡದು ಎಂದು ಸೆಕೆಪುರದ ಕಾನೂನು. ಹಾಗಾಗಿ ತಾನು ರಿಪೇರಿ ಮಾಡಿದ ತಂಪು ಹೇಗಿರುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಖಾಯಂ ಆಗಬೇಕು, ಒಂದು ಸಲ ಆ ತಂಪಿನಲ್ಲಿ ಕೂರಬೇಕು. ಇಷ್ಟೇ ಅವನ ಆಸೆ. ಪಾಪ, ದೊಡ್ಡದೇನಲ್ಲ.

ಒಂದು ಚೈತ್ರದಲ್ಲಿ ಏಸಿ ಗೊರಗೊರ ಎಂದಿತು. ಕೆಳಗೆ ಮಹಾರಾಜನ ಮೂಗಿನ ತುದಿಯಲ್ಲಿ ಒಂದು ಹನಿ ಮೂಡಿತು. ರಾಣಿಯರು ಅತ್ತರು. ಓಬಳಪ್ಪನನ್ನು ಕರೆಸಿ, ಹೊಸ್ತಿಲ ಆಚೆ ನಿಲ್ಲಿಸಿ, ಏನಾಗಿದೆ ಎಂದು ಕೇಳಿದರು.

"ಅದಕ್ಕೆ ಸರ್ವಿಸ್ ಆಗಿಲ್ಲ ಬುದ್ದಿ," ಎಂದ ಓಬಳಪ್ಪ. "ಎಂಟು ವರ್ಷ ಆತು."

ಅವನು ಹೇಳಿದ್ದು ಪೂರ್ತಿ ಬಿಚ್ಚಿ ತೊಳೆಯುವ ಸರ್ವಿಸ್. ಮಹಾರಾಜನಿಗೆ ಕೇಳಿಸಿದ್ದು ಸರ್ಕಾರಿ ಸರ್ವಿಸ್. ಅವನ ಮುಖ ಕಪ್ಪಿಟ್ಟಿತು.

"ಎಂಟು ವರ್ಷದಿಂದ ಸರ್ವಿಸ್ ಇಲ್ಲದೆ ದುಡಿಯುತ್ತಿದೆಯೇ? ನಮ್ಮ ತಲೆಯ ಮೇಲೆಯೇ ಇಂಥ ಅನ್ಯಾಯವೇ?"

ನನಗೂ ಆಗಿಲ್ಲ ಬುದ್ದಿ, ಇಪ್ಪತ್ತೆರಡು ವರ್ಷ, ಎಂದು ಓಬಳಪ್ಪ ಮೆಲ್ಲಗೆ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಹೊಸ್ತಿಲ ಆಚೆಯ ಮಾತು ವಿಚಾರಿಸಿದಾಗ ಮಾತ್ರ ಕೇಳಿಸಬೇಕು ಎಂಬುದೂ ಕಾನೂನೇ.

ದಿವಾನರು ಅಂದೇ ಸರ್ವಿಸ್ ಪುಸ್ತಕ ತೆರೆದರು. ಹೆಸರು, ಏಸಿ. ತಂದೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೈ ತೊಳೆದವನೇ ತಂದೆ ಎಂದು ಪಂಡಿತರು ತೀರ್ಮಾನಿಸಿ ಓಬಳಪ್ಪ ಎಂದು ಬರೆಸಿದರು. ಗುರುತಿನ ಮಚ್ಚೆ, ಎಡಗಡೆ ತುಕ್ಕು. ಏಸಿ ಖಾಯಂ ಆಯಿತು.

ಖಾಯಂ ಆದವರಿಗೆ ಬಾಯಿ ಬರುತ್ತದೆ. ಏಸಿಗೂ ಬಂತು. ಇಷ್ಟು ವರ್ಷ ಒಂದು ದಿನವೂ ರಜೆ ಹಾಕಿಲ್ಲ, ಈಗ ಎಲ್ಲವನ್ನೂ ಒಟ್ಟಿಗೆ ಹಾಕುತ್ತೇನೆ ಎಂದಿತು. ಕೊಡದೆ ವಿಧಿಯಿಲ್ಲ. ಅದು ಮೆಟ್ಟಿಲಿಗೆ ತಗಡು ಉಜ್ಜುತ್ತ ಇಳಿದುಬಂದು ದರ್ಬಾರಿನ ನಡುವೆ ಕೂತಿತು. ಅಲ್ಲಿ ತಂಪಿರುತ್ತದೆ ಎಂದು ಅದಕ್ಕೆ ಯಾರೋ ಹೇಳಿದ್ದರು.

ತಂಪು ಎಲ್ಲಿಂದ ಬರಬೇಕು? ಮಹಾರಾಜನ ಮೂಗಿನ ಮೇಲೆ ಎರಡನೆಯ ಹನಿ, ಮೂರನೆಯ ಹನಿ. ಬದಲಿಗೆ ಯಾರು ಎಂದು ದಿವಾನರು ಕೈ ಕೈ ಹಿಸುಕಿಕೊಂಡರು.

"ನಮ್ಮಪ್ಪ ಇದಾನಲ್ಲ," ಎಂದಿತು ಏಸಿ. "ನನ್ನ ಹೊಟ್ಟೆಯೊಳಗಿನ ಸಂಗತಿ ಬಲ್ಲೋನು ಅವನೊಬ್ಬನೇ."

ಖಾಯಂ ಜಾಗದಲ್ಲಿ ಕೂತವನೂ ಖಾಯಂ. ಹೀಗೆ ಓಬಳಪ್ಪನ ಹೆಸರು ಪುಸ್ತಕ ಸೇರಿತು. ಸಹಿ ಮಾಡುವಾಗ ಅವನ ಕಣ್ಣು ತುಂಬಿತು. ಮನೆಗೆ ಓಡಿ ಹೆಂಡತಿ ಹುಲಿಗೆಮ್ಮನಿಗೆ ಹೇಳಿದ. ಅವಳು ಒಗೆದ ಅಂಗಿ ಕೊಟ್ಟು, ಒಂದು ಗಳಿಗೆ ಕೂತು ಬಾ ಎಂದು ಕಳಿಸಿದಳು.

ಓಬಳಪ್ಪ ಬಲಗಾಲಿಟ್ಟು ಹೊಸ್ತಿಲು ದಾಟಲು ಹೋದ. ದಿವಾನರು ಗದರಲಿಲ್ಲ. ಬಹಳ ಗೌರವದಿಂದಲೇ ಮಾತಾಡಿದರು.

"ಬನ್ನಿ ಓಬಳಪ್ಪನವರೇ, ನೀವೀಗ ನಮ್ಮವರು. ಆದರೆ ನೀವು ಒಳಗೆ ಬಂದರೆ ಮೇಲೆ ಯಾರು? ಮೇಲೆ ಯಾರೂ ಇಲ್ಲದಿದ್ದರೆ ಒಳಗೆ ತಂಪೆಲ್ಲಿ? ತಂಪಿಲ್ಲದ ದರ್ಬಾರಿಗೆ ಬಂದು ಏನು ಮಾಡುತ್ತೀರಿ?"

ಓಬಳಪ್ಪ ಯೋಚಿಸಿದ. ಮಾತು ಸರಿಯಾಗಿಯೇ ಇತ್ತು. ಕಾಲು ಹಿಂದಕ್ಕೆ ತೆಗೆದು ಏಣಿ ಹತ್ತಿದ.

ತಾರಸಿ ಕಾದ ಹಂಚಾಗಿತ್ತು. ತಂಪು ಮಾಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಕೊಳವೆಗೆ ಬಾಯಿಟ್ಟು, ಉಂಡು ಏಳುವಾಗ ಅವನವ್ವ ಬಡಿಸಿದವರಿಗೆ ಹೇಳುತ್ತಿದ್ದ ಮಾತನ್ನೇ ಹೇಳಿದ.

"ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಮಾತು ಕೊಳವೆಯಲ್ಲಿ ಇಳಿಯಿತು. ದರ್ಬಾರು ತಣ್ಣಗಾಯಿತು. ಮಹಾರಾಜನ ಮೂಗು ಒಣಗಿತು. ಮತ್ತೊಮ್ಮೆ ಹೇಳಿದ, ರಾಣಿಯರು ಶಾಲು ಹೊದ್ದರು. ಮತ್ತೊಮ್ಮೆ ಹೇಳಿದ, ಏಸಿಗೆ ನಿದ್ದೆ ಬಂತು. ಒಂದೊಂದು ಸಲ ಹೇಳಿದಾಗಲೂ ಓಬಳಪ್ಪನ ಹೊಟ್ಟೆ ಉರಿಯುತ್ತಿತ್ತು, ಆ ಉರಿ ನೆತ್ತಿಯಿಂದ ಹೊರಟು ಆಕಾಶಕ್ಕೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ತೊಳೆದು ಬಿಗಿದ ಯಂತ್ರ ಅವನಿಗೆ ಅವತ್ತು ಅರ್ಥವಾಯಿತು.

ಸಂಜೆ ಹುಲಿಗೆಮ್ಮ ಮಜ್ಜಿಗೆ ತಂದಳು. ಏಣಿಯ ಕೆಳಗೆ ನಿಂತು, ತಂಪು ಹೆಂಗಿತ್ತು ಎಂದು ಆಸೆಯಿಂದ ಕೇಳಿದಳು.

ಓಬಳಪ್ಪ ಕೊಳವೆಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡ.

"ಚೆಂದಾಗೈತಂತೆ," ಎಂದ.

ಕತೆ ಇಷ್ಟೇ. ನೀತಿ ಬೇಕೆನ್ನುವವರು ಕೇಳಿ: ತಂಪಾದ ಕೋಣೆಯಲ್ಲಿ ಕೂತಾಗ ಒಮ್ಮೆ ತಲೆ ಎತ್ತಿ ನೋಡಿ. ಯಾರೂ ಕಾಣುವುದಿಲ್ಲ. ತಾರಸಿ ಅಡ್ಡ ಇರುತ್ತದೆ.