ಪೂಜೆಯಾದ ಕಾರಿಗೆ ಸ್ಪಾಯ್ಲರ್

ಚೇರ್ಮನ್ ಗುರುಲಿಂಗಪ್ಪನವರು ಹೊಸ ಕಾರಿನ ಡಿಕ್ಕಿಯ ಮೇಲೆ ರೆಕ್ಕೆಯಂಥ ಸ್ಪಾಯ್ಲರ್ ಕೂರಿಸಲು ಗ್ಯಾರೇಜಿಗೆ ಬಂದರು.

"ಪೂಜೆಯಾದ ಗಾಡಿ. ಒಂದು ತೂತು ಕೊರೆದರೂ ನಾಳೆ ನಿನ್ನ ಗ್ಯಾರೇಜು ಇರಲ್ಲ. ಟೇಪಲ್ಲೇ ಅಂಟಿಸು."

ಮೆಕ್ಯಾನಿಕ್ ಟೇಪನ್ನು ಎಳೆದು ನೋಡಿದ. ಹೆದ್ದಾರಿಯಲ್ಲಿ ಸ್ಪಾಯ್ಲರ್ ಕಿತ್ತುಕೊಂಡು ಹಾರಿದರೆ ಹಿಂದೆ ಬರುವವರ ಕುತ್ತಿಗೆ ಹೋದೀತು. ಆಗಲ್ಲ ಎಂದರೆ ತನ್ನದೇ ಹೋದೀತು. ತೆಪ್ಪಗೆ ಅಂಟಿಸಿದ.

ಆಮೇಲೆ ತನ್ನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಚೇರ್ಮನ್ನರ ಮುಂದೆ ನಿಂತ.

"ಏನಿದು?"

"ಒಂದು ಸಲ ಓಡಿಸಿ ನೋಡಬೇಕು ಸಾರ್. ಹೆದ್ದಾರಿಯಲ್ಲಿ ಕಾರನ್ನು ನಾನು ಜೋರಾಗಿ ಬಿಡ್ತೀನಿ. ನೀವು ನನ್ನ ಸ್ಕೂಟರಲ್ಲಿ ಹಿಂದೆಯೇ ಬನ್ನಿ. ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತೆ."

ಚೇರ್ಮನ್ನರು ಸ್ಪಾಯ್ಲರ್ ನೋಡಿದರು. ಹೆಲ್ಮೆಟ್ ನೋಡಿದರು. ಕೈ ತಾನಾಗಿ ಕುತ್ತಿಗೆಗೆ ಹೋಯಿತು.

"ಬೋಲ್ಟೇ ಹಾಕಪ್ಪ," ಎಂದರು ಮೆಲ್ಲಗೆ. "ತೂತಿಗೂ ಒಂದು ಪೂಜೆ ಮಾಡಿಸಿದರಾಯ್ತು."