ಮೇನೆಯ ಒಣ ತೂಕ

"ನನ್ನ ಮೇನೆ ಹೊತ್ತವನಿಗೆ ತಾನು ಹೊತ್ತಿದ್ದೇನೆ ಅನ್ನುವುದೇ ಮರೆತುಹೋಗಬೇಕು ಪ್ರಭು, ಅಷ್ಟು ಹಗುರ!" ಎಂದು ಪಟ್ಟಾಭಯ್ಯ ಮೀಸೆ ತಿರುವಿದ.

ಕಣಿವೆಕೋಟೆ ಸಂಸ್ಥಾನದಲ್ಲಿ ಮೇನೆ ಕಟ್ಟಿಸಿ ಮಾರುವವನು ಅವನೊಬ್ಬನೇ. ಅವನು ಮಾಡಿಕೊಟ್ಟ ಹೊಸ ಮೇನೆಯಲ್ಲಿ ಕೂತು ಬೆಟ್ಟಕ್ಕೆ ಹೊರಟಿದ್ದ ದೊರೆ ಸೋಮರಸ ಹಿಂದಿನ ದಿನವಷ್ಟೇ ಅರ್ಧ ದಾರಿಯಲ್ಲಿ ಕೆಸರಿಗೆ ಉರುಳಿದ್ದ. ಹೊರುವವರ ಮೊಣಕಾಲು ಕುಸಿದಿತ್ತು. ಮುಂದಾಳು ಸಿದ್ದೀರನ ಹೆಗಲ ಕೀಲು ತಪ್ಪಿತ್ತು. ದೊರೆಗೆ ಮಾತ್ರ ತನ್ನ ಜರಿ ಪಂಚೆಗೆ ಮೆತ್ತಿದ ಕೆಸರೊಂದೇ ನೆನಪಿತ್ತು.

"ಹಾಗಾದರೆ ತಪ್ಪು ಇವರದೇ," ಎಂದ ದೊರೆ, ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ ಆರು ಜನರತ್ತ ಬೆರಳು ಮಾಡಿ. "ತಿಂದು ಕೊಬ್ಬಿದ ಸೋಮಾರಿಗಳು! ನಾಳೆ ಸೂರ್ಯ ಮುಳುಗುವುದರೊಳಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಬೇಕು."

ಸಿದ್ದೀರ ಜೋಲಿ ಕಟ್ಟಿದ ತೋಳನ್ನು ಹಿಡಿದುಕೊಂಡೇ, "ಬುದ್ಧೀ, ಅದು ಮೇನೆಯಲ್ಲ, ಬಾಗಿಲು ಇಟ್ಟ ಬಂಡೆ," ಎಂದ. ಕಾವಲಿನವನು ಅವನನ್ನು ಸುಮ್ಮನಾಗಿಸಿದ.

ಆಸ್ಥಾನದ ಲಿಪಿಕಾರ ಕುಪ್ಪಣ್ಣ ಮೂಲೆಯಲ್ಲಿ ಕೂತು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಕುಂಬಳಕಾಯಿಯ ಹಾಗೆ ಊದಿದ್ದ ಆ ಹೆಗಲನ್ನು ಅವನು ಬೆಳಗ್ಗೆಯೇ ನೋಡಿ ಬಂದಿದ್ದ. ಲೇಖನಿ ಕೆಳಗಿಟ್ಟು ಕೇಳಿದ:

"ಪಟ್ಟಾಭಯ್ಯನವರೇ, ಮೇನೆಯ ತೂಕ ಎಷ್ಟು? ಅದರ ಮೇಲೆ ಎಲ್ಲೂ ಬರೆದಿಲ್ಲವಲ್ಲ?"

"ತೂಕ ಬರೆಯುವುದುಂಟೇ! ಅದು ಕಸುಬಿನ ಗುಟ್ಟು. ಪಕ್ಕದ ಸೀಮೆಯವರು ನಕಲು ಹೊಡೆದರೆ? ಮೇನೆಯಲ್ಲಿ ನೋಡಬೇಕಾದ್ದು ಕೂತವರ ಸುಖ. ತೂಗಿ ನೋಡಲು ಅದೇನು ಬೆಲ್ಲದಚ್ಚೇ?"

"ಬರೆಯುವುದು ಬೇಡ. ಪ್ರಭುಗಳ ಕಿವಿಗಾದರೂ ಬೀಳಲಿ."

ದೊರೆಯೂ ಕತ್ತು ಮುಂದೆ ಚಾಚಿದ. ಪಟ್ಟಾಭಯ್ಯ ಅತ್ತಿತ್ತ ನೋಡಿ, "ಆರೇ ಆರು ಮಣ," ಎಂದ. ಬಾಗಿಲ ಬಳಿ ಯಾರಿಗೋ ಕೆಮ್ಮು ಬಂತು.

"ಆರು ಮಣವೇ? ಪೂರ್ತಿ?" ಎಂದ ಕುಪ್ಪಣ್ಣ.

"ಒಣ ತೂಕ ಕಣಯ್ಯ, ಒಣ ತೂಕ. ನಮ್ಮ ಕಸುಬಿನ ಲೆಕ್ಕವೇ ಹಾಗೆ. ಹೊರುವ ಬೊಂಬು ಲೆಕ್ಕಕ್ಕಿಲ್ಲ, ಅದು ಹೊರುವವರಿಗೆ ಸೇರಿದ್ದು. ಛಾವಣಿ ಲೆಕ್ಕಕ್ಕಿಲ್ಲ, ಅದು ನೆರಳಿಗೆ. ಮೆತ್ತೆ ಸುಖಕ್ಕೆ, ಹಿತ್ತಾಳೆ ಗಂಟೆ ಅಲಂಕಾರಕ್ಕೆ. ಉಳಿದ ಮರವನ್ನು ಮೂರು ತಿಂಗಳು ಬಿಸಿಲಿಗೆ ಒಣಗಿಸಿ ತೂಗಿದರೆ ಆರು ಮಣ!"

"ಶಾಸ್ತ್ರ ಅಂದರೆ ಶಾಸ್ತ್ರ," ಎಂದು ದೊರೆ ತಲೆದೂಗಿದ.

ಕುಪ್ಪಣ್ಣ ಅದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಂಡು ಪಟ್ಟಾಭಯ್ಯನ ರುಜು ಹಾಕಿಸಿಕೊಂಡ. ಆಮೇಲೆ ಕೈಮುಗಿದ. "ಪ್ರಭು, ಇಂಥ ಜಾಣನಿಗೆ ಸನ್ಮಾನ ಮಾಡದಿದ್ದರೆ ಆಸ್ಥಾನಕ್ಕೇ ಅವಮಾನ. ನಾಳೆ ಇವರ ತೂಕಕ್ಕೆ ಏಲಕ್ಕಿ ಕೊಡೋಣ. ತುಲಾಭಾರ!"

"ಆಗಲಿ," ಎಂದ ದೊರೆ.

ಹೊರಗೆ ಸಿದ್ದೀರ ಕುಪ್ಪಣ್ಣನನ್ನು ಅಡ್ಡಗಟ್ಟಿದ. "ಅಯ್ಯಾ, ನೀವೂ ಅವನ ಕಡೆಯೇ?"

"ಮನೆಗೆ ಹೋಗಿ ಗಂಟು ಕಟ್ಟು," ಎಂದ ಕುಪ್ಪಣ್ಣ. "ಆದರೆ ಬಿಗಿಯಾಗಿ ಕಟ್ಟಬೇಡ."

ಮರುದಿನ ಪಟ್ಟಾಭಯ್ಯ ಬಂದ ವೈಭವವೇ ವೈಭವ. ಬೆಳಗಿನಿಂದ ಇಪ್ಪತ್ತೆರಡು ಹೋಳಿಗೆ ಇಳಿಸಿ, ಮೇಲೆ ಒಂದು ಕೊಡ ಮಜ್ಜಿಗೆ ಕುಡಿದಿದ್ದ. ಮೈಮೇಲೆ ನಾಲ್ಕು ಶಾಲು, ಕೈಗೆ ಕಡಗ, ಕಾಲಿಗೆ ಕಡಗ. ಹೊಟ್ಟೆ ಮುಂದೆ ಮುಂದೆ, ಅವನು ಹಿಂದೆ ಹಿಂದೆ. ಉಗ್ರಾಣದ ದೊಡ್ಡ ತಕ್ಕಡಿಯಲ್ಲಿ ದೊಪ್ಪನೆ ಕೂತ.

ಕುಪ್ಪಣ್ಣ ಎದುರಿನ ತಟ್ಟೆಗೆ ಮೂರು ಏಲಕ್ಕಿ ಕಾಯಿ ಹಾಕಿ, "ಆಯಿತು, ಇಳಿಯಿರಿ," ಎಂದ.

"ಏನಿದು ತಮಾಷೆ?"

"ತಮಾಷೆಯಲ್ಲ, ನಿಮ್ಮ ಒಣ ತೂಕ. ಕಾಲು ಲೆಕ್ಕಕ್ಕಿಲ್ಲ, ಅದು ನಿಮ್ಮನ್ನು ಹೊರುವ ಬೊಂಬು. ಹೊಟ್ಟೆ ಮೆತ್ತೆ. ತಲೆ ಛಾವಣಿ, ಒಳಗೆ ಹೇಗೂ ಖಾಲಿ ನೆರಳು. ಕಡಗ, ಶಾಲು ಅಲಂಕಾರ. ಉಳಿದದ್ದನ್ನು ಮೂರು ತಿಂಗಳು ಬಿಸಿಲಿಗೆ ಹರವಬೇಕಿತ್ತು. ನಿಮಗೆ ತೊಂದರೆಯಾದೀತೆಂದು ಅಂದಾಜಿನಲ್ಲೇ ಹಾಕಿದ್ದೇನೆ."

ಆಸ್ಥಾನ ಗೊಳ್ಳೆಂದು ನಕ್ಕಿತು. ಪಟ್ಟಾಭಯ್ಯನ ಮುಖ ಕೆಂಪಾಯಿತು. "ಅನ್ಯಾಯ ಪ್ರಭು! ಕಾಲು ಕಳಚಿಟ್ಟು ಬರುವುದಕ್ಕಾಗುತ್ತದೆಯೇ? ಇದ್ದದ್ದನ್ನು ಇದ್ದ ಹಾಗೇ ತೂಗಬೇಕು!"

"ಕೇಳಿದಿರಾ ಪ್ರಭು?" ಎಂದ ಕುಪ್ಪಣ್ಣ. "ಇದ್ದ ಹಾಗೇ ತೂಗಬೇಕಂತೆ. ಯಾರಲ್ಲಿ, ಆ ಮೇನೆಯನ್ನು ತನ್ನಿ!"

ಬೊಂಬು, ಛಾವಣಿ, ಮೆತ್ತೆ, ಗಂಟೆ ಎಲ್ಲ ಸೇರಿಸಿ ಮೇನೆಯನ್ನು ತಕ್ಕಡಿಗೆ ಏರಿಸಿದರು. ತೊಲೆ ನರಳಿತು. ಕಲ್ಲಿನ ಮೇಲೆ ಕಲ್ಲು ಇಟ್ಟು ಇಟ್ಟು ಉಗ್ರಾಣದವನಿಗೇ ಬೆವರು ಬಂತು. ಹದಿನೇಳು ಮಣ!

ದೊರೆ ತಕ್ಕಡಿಯನ್ನು ನೋಡಿದ. ಸಿದ್ದೀರನ ತೋಳನ್ನು ನೋಡಿದ.

"ಆರು ಜನರೂ ಊರಲ್ಲೇ ಇರಲಿ," ಎಂದ ಕೊನೆಗೆ. "ಸಿದ್ದೀರನಿಗೆ ಅರಮನೆಯ ವೈದ್ಯರು ಚಿಕಿತ್ಸೆ ಮಾಡಲಿ. ಇನ್ನು ಮೇಲೆ ಪ್ರತಿ ಮೇನೆಯ ಬಾಗಿಲ ಮೇಲೂ ಪೂರ್ತಿ ತೂಕ ಕೆತ್ತಿರಬೇಕು. ಸುಳ್ಳು ಕೆತ್ತಿದವನೇ ಅದನ್ನು ಹೊತ್ತು ಬೆಟ್ಟ ಹತ್ತಬೇಕು."

ಪಟ್ಟಾಭಯ್ಯನ ಹೊಟ್ಟೆಯಲ್ಲಿದ್ದ ಹೋಳಿಗೆಗೆಲ್ಲ ಬೆಂಕಿ ಬಿತ್ತು. ಹಲ್ಲು ಕಚ್ಚಿ ನಕ್ಕ. "ಪೂರ್ತಿ ಅಂದರೆ ಪೂರ್ತಿ! ಖಾಲಿ ಮೇನೆಯನ್ನು ಯಾರೂ ಹೊರುವುದಿಲ್ಲ. ಒಳಗೆ ಕೂರುವವರ ತೂಕವನ್ನೂ ಕೆತ್ತಬೇಡವೇ, ಕುಪ್ಪಣ್ಣ? ಹೇಳಯ್ಯ, ಪ್ರಭುಗಳ ಮುಂದೆಯೇ ಹೇಳು!"

ಸಭೆಯಲ್ಲಿದ್ದವರೆಲ್ಲ ತಂತಮ್ಮ ಕಾಲ್ಬೆರಳು ನೋಡಿಕೊಂಡರು. ದೊರೆಯ ಗಾತ್ರದ ಮಾತನ್ನು ಅರಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವನ ದರ್ಜಿಯೂ ಕಣ್ಣು ಮುಚ್ಚಿಕೊಂಡೇ ಅಳತೆ ತೆಗೆಯುತ್ತಿದ್ದ. ಕುಪ್ಪಣ್ಣ ಹೌದೆಂದರೆ ತಲೆ ಹೋಗುತ್ತದೆ, ಇಲ್ಲವೆಂದರೆ ಗೆದ್ದ ಮಾತು ಹೋಗುತ್ತದೆ.

"ಹೇಳು," ಎಂದ ದೊರೆ, ಕಣ್ಣು ಕಿರಿದು ಮಾಡಿ.

ಕುಪ್ಪಣ್ಣ ನಡು ಬಗ್ಗಿಸಿ ಕೈಮುಗಿದ. "ಪ್ರಭುಗಳ ತೂಕವನ್ನು ಕೆತ್ತುವ ಅಗತ್ಯವಿಲ್ಲ. ಹೊರುವವರಿಗೆ ಅದು ಬಾಯಿಪಾಠವಾಗಿದೆ."

ಮೊದಲು ದೊರೆಯ ಹೊಟ್ಟೆ ಕುಲುಕಿತು, ನಗು ಆಮೇಲೆ ಬಂತು. ಸಿಂಹಾಸನ ಕಿರುಗುಟ್ಟುವಷ್ಟು ನಕ್ಕ. ಕಣ್ಣೊರೆಸಿಕೊಂಡು ಕೆಳಗಿಳಿದು, ತನ್ನ ಮೈಮೇಲಿನ ಪಟ್ಟೆಯ ಶಾಲನ್ನೇ ಕುಪ್ಪಣ್ಣನಿಗೆ ಹೊದಿಸಿದ.

ಆ ಶಾಲನ್ನು ಕುಪ್ಪಣ್ಣ, ಅವನ ಹೆಂಡತಿ, ಮೂರು ಮಕ್ಕಳು ಎಲ್ಲ ಸೇರಿ ಹೊದ್ದರೂ ಇನ್ನೂ ಒಂದು ಮೊಳ ಮಿಗುತ್ತಿತ್ತು.