ಗಾಳಿಗುಳ್ಳೆಯ ವಿನಯ

ಇದನ್ನು ಮೊದಲು ಹೇಳಿದವರು ಘಾಟಿಯ ಮೇಲಿನ ಗ್ಯಾರೇಜಿನ ಜುಬೇದಕ್ಕ.

ಬೈಕಿನ ತುಕ್ಕು ತಿಂದ ಬ್ರೇಕ್ ಪೈಪು ಕಿತ್ತು, ಹೊಸದು ಹಾಕಿ, ಎಣ್ಣೆ ತುಂಬಿಸಿದ್ದಾಯಿತು. ಆದರೂ ಚಕ್ರ ನಿಲ್ಲಲೊಲ್ಲದು. ಇನ್ನು ಘಾಟಿ ಇಳಿಯುವುದು ಹೇಗೆ? ಬ್ರೇಕ್ ಲಿವರಿಗೆ ತಲೆಬುಡ ತಿಳಿಯಲಿಲ್ಲ.

"ಪೈಪಣ್ಣಾ, ಎಲ್ಲಾದರೂ ತೂತೇ?"

"ಛೇ, ನಾನು ಹೊಚ್ಚ ಹೊಸಬ!"

"ಚಕ್ರಪ್ಪಾ, ನಿನಗೇನು ಕೊಬ್ಬೇ?"

"ನೀನು ಒತ್ತಿದ್ದು ನನಗೆ ತಲುಪಿದರೆ ತಾನೇ!"

ಎಣ್ಣೆ ತುಂಬುವಾಗ ಪೈಪಿನೊಳಗೆ ಉಳಿದುಹೋಗಿದ್ದ ಗಾಳಿಗುಳ್ಳೆ ಮೆಲ್ಲಗೆ ಅಂದಿತು, "ನನ್ನದೇನೂ ತಪ್ಪಿಲ್ಲ ಸ್ವಾಮಿ. ತಾವು ಒತ್ತಿದಾಗಲೆಲ್ಲ 'ಆಗಲಿ' ಎಂದು ನಾನೇ ಕುಗ್ಗುತ್ತೇನೆ. ಮುಂದಿನವರಿಗೇಕೆ ತೊಂದರೆ?"

ಜುಬೇದಕ್ಕ ಲಿವರ್ ಒತ್ತಿಹಿಡಿದು ಚಕ್ರದ ಬಳಿಯ ನಟ್ಟು ಸಡಿಲಿಸಿದರು. ಎಣ್ಣೆಯ ಜೊತೆ ಗುಳ್ಳೆಯೂ ಹೊರಬಿತ್ತು. ನಟ್ಟು ಬಿಗಿದು ಮತ್ತೆ ಲಿವರ್ ಒತ್ತಿದ್ದೇ ತಡ, ಚಕ್ರ ಗಕ್ಕನೆ ನಿಂತಿತು. ಅಷ್ಟು ವಿನಯವಂತನನ್ನು ಹೊರಹಾಕಿದ್ದೇಕೆಂದು ಲಿವರಿಗೆ ಇನ್ನೂ ಗೊಂದಲ.

ಕೇಳಿದಿರಲ್ಲ, 'ಆಗಲಿ' ಎಂದು ಸುಮ್ಮನಾಗಬೇಡಿ, ಈ ಕಥೆಯನ್ನು ಮುಂದಿನವರಿಗೆ ದಾಟಿಸಿ.